ಬರೆದಿಡದ ಸ್ವರ ಮೊಳಗುವುದು ಹೇಗೆ? ಧ್ವನಿ ಸೃಷ್ಟಿಸುವ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಟ್ರಿಗರ್‌ನ ಕೆಲಸ

ಕಂಪ್ಯೂಟರ್ ಆಟದ ಪಾತ್ರವೊಂದು ಓಡುತ್ತಿರುತ್ತದೆ. ಅದರ ಕಾಲು ನೆಲಕ್ಕೆ ತಾಗಿದಾಗಲೆಲ್ಲ ಹೆಜ್ಜೆಯ ಸದ್ದು ಕೇಳಬೇಕು. ಮುಂದಿನ ಹೆಜ್ಜೆ ಯಾವಾಗ ಬೀಳುತ್ತದೆ, ಮರದ ಮೇಲೋ ನೀರಿನಲ್ಲೋ ಎಂಬುದು ಆಡುವವರ ಬೆರಳನ್ನು ಅವಲಂಬಿಸಿದೆ. ಪ್ರದರ್ಶನಾಲಯದಲ್ಲಿ ಯಾರೋ ಕೈಯಾಡಿಸಿದಾಗ ಮೊಳಗುವ ಧ್ವನಿಶಿಲ್ಪಕ್ಕೂ, ವೇದಿಕೆಯ ಮೇಲೆ ಕೋಡ್ ಬರೆಯುತ್ತಲೇ ಸಂಗೀತ ಕಟ್ಟುವವರಿಗೂ ಇದೇ ಮಾತು ಅನ್ವಯಿಸುತ್ತದೆ. ಇಲ್ಲೆಲ್ಲ ಸ್ವರ ಹುಟ್ಟುವ ಕ್ಷಣವನ್ನು ಯಾರೂ ಮೊದಲೇ ಬರೆದಿಟ್ಟಿರುವುದಿಲ್ಲ. ಪ್ರೋಗ್ರಾಂ ಓಡುತ್ತಿರುವಾಗಲೇ, ಆಗಿನ ಪರಿಸ್ಥಿತಿಯನ್ನು ನೋಡಿಕೊಂಡು ಒಂದು ವಾದ್ಯವನ್ನು ಎಬ್ಬಿಸಬೇಕಾಗುತ್ತದೆ. ಈ ಎಬ್ಬಿಸುವ ಕ್ರಿಯೆಗೆ ಟ್ರಿಗರ್ ಎಂದು ಹೆಸರು.

ಕೇಳಲು ಇದು ಸರಳ. ಹೊಸದಾಗಿ ಈ ಭಾಷೆಗಳಿಗೆ ಕಾಲಿಟ್ಟವರು ಹೆಚ್ಚು ಎಡವುವುದೂ ಇಲ್ಲಿಯೇ. ಒಂದು ಸ್ವರ ಬರಬೇಕಾದ ಕಡೆ ನೂರಾರು ಸ್ವರಗಳು ಒಟ್ಟಿಗೆ ಬಂದು ಅಪ್ಪಳಿಸುತ್ತವೆ, ಇಲ್ಲವೇ ಒಂದೂ ಬರುವುದಿಲ್ಲ, ಇಲ್ಲವೇ ಬಂದ ಸ್ವರ ನಿಲ್ಲುವುದೇ ಇಲ್ಲ. ಈ ಮೂರಕ್ಕೂ ಕಾರಣ ಪ್ರೋಗ್ರಾಂ ಕಾಲವನ್ನು ಹೇಗೆ ಎಣಿಸುತ್ತದೆ ಎಂಬುದರಲ್ಲಿದೆ.

ವಾದ್ಯ ಒಂದು ಕಡೆ, ಪಟ್ಟಿ ಇನ್ನೊಂದು ಕಡೆ

1957ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಮ್ಯಾಕ್ಸ್ ಮ್ಯಾಥ್ಯೂಸ್ ಅವರು ಐಬಿಎಂ 704 ಕಂಪ್ಯೂಟರಿಗಾಗಿ 'ಮ್ಯೂಸಿಕ್' ಎಂಬ ಪ್ರೋಗ್ರಾಂ ಬರೆದರು. ಅದರಿಂದ ಹೊರಬಂದ ಮೊದಲ ತುಣುಕಿನ ಉದ್ದ 17 ಸೆಕೆಂಡು. ಅದರ ವಂಶದಲ್ಲಿ ಮುಂದೆ ಹಲವು ಭಾಷೆಗಳು ಬಂದವು. 1986ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಬ್ಯಾರಿ ವೆರ್ಕೋ ರೂಪಿಸಿದ ಸಿಸೌಂಡ್ ಅವುಗಳಲ್ಲಿ ಇಂದಿಗೂ ಗಟ್ಟಿಯಾಗಿ ನಿಂತಿರುವ ಭಾಷೆ. ಟ್ರಿಗರ್‌ನ ಒಳಗುಟ್ಟು ಸಿಸೌಂಡ್‌ನಲ್ಲಿ ಕಣ್ಣಿಗೆ ಕಾಣುವಷ್ಟು ಬಿಚ್ಚಿಕೊಂಡಿರುವುದರಿಂದ ಅದನ್ನೇ ಮುಖ್ಯ ಉದಾಹರಣೆಯಾಗಿ ಇಟ್ಟುಕೊಳ್ಳೋಣ.

ಈ ವಂಶದ ಭಾಷೆಗಳಲ್ಲಿ ಕೆಲಸ ಎರಡು ಪಾಲು. ಧ್ವನಿಯನ್ನು ಹೇಗೆ ತಯಾರಿಸಬೇಕು ಎಂಬ ವಿವರಣೆ ಒಂದು ಪಾಲು. ಅದನ್ನು ಆರ್ಕೆಸ್ಟ್ರಾ ಎನ್ನುತ್ತಾರೆ. ಅದರೊಳಗೆ ಸಂಖ್ಯೆ ಕೊಟ್ಟ ವಾದ್ಯಗಳಿರುತ್ತವೆ. ಯಾವ ವಾದ್ಯ, ಯಾವಾಗ, ಎಷ್ಟು ಹೊತ್ತು ನುಡಿಯಬೇಕು ಎಂಬ ಪಟ್ಟಿ ಇನ್ನೊಂದು ಪಾಲು, ಅದು ಸ್ಕೋರ್. ಪಟ್ಟಿಯ ಒಂದು ಸಾಲಿನಲ್ಲಿ 'ಐ' ಅಕ್ಷರದ ಮುಂದೆ 1, 0, 2 ಎಂದಿದ್ದರೆ ಒಂದನೆಯ ವಾದ್ಯವು ಸೊನ್ನೆಯ ಕ್ಷಣದಲ್ಲಿ ಆರಂಭವಾಗಿ ಎರಡು ಸೆಕೆಂಡು ನುಡಿಯಬೇಕು ಎಂದರ್ಥ. ಅದೇ ಸಾಲಿನಲ್ಲಿ ಮುಂದೆ ಸ್ವರದ ಎತ್ತರ, ಬಲ ಮುಂತಾದ ಸಂಖ್ಯೆಗಳನ್ನು ಸೇರಿಸಬಹುದು. ಈ ಅಂಕಣಗಳಿಗೆ ಪಿ-ಫೀಲ್ಡ್ ಎಂದು ಹೆಸರು. ಮೊದಲ ಮೂರಕ್ಕೆ ವಾದ್ಯದ ಸಂಖ್ಯೆ, ಆರಂಭ, ಅವಧಿ ಎಂಬ ಅರ್ಥ ಗೊತ್ತುಪಡಿಸಿದೆ. ನಾಲ್ಕನೆಯದರಿಂದ ಮುಂದಿನವುಗಳ ಅರ್ಥವನ್ನು ವಾದ್ಯ ಬರೆದವರೇ ನಿರ್ಧರಿಸುತ್ತಾರೆ.

ಹಳೆಯ ಕಂಪ್ಯೂಟರ್‌ಗಳಿಗೆ ಆ ಕ್ಷಣದಲ್ಲೇ ಧ್ವನಿ ತಯಾರಿಸುವ ವೇಗವಿರಲಿಲ್ಲ. ಪಟ್ಟಿಯನ್ನು ಪೂರ್ತಿ ಓದಿ, ಲೆಕ್ಕ ಹಾಕಿ, ಕಡತಕ್ಕೆ ಬರೆದು, ಆಮೇಲೆ ಕೇಳಬೇಕಾಗಿತ್ತು. ಎಲ್ಲವೂ ಮುಂಚಿತವಾಗಿ ಗೊತ್ತಿದ್ದ ಆ ಕಾಲಕ್ಕೆ ಇಂಥ ಪಟ್ಟಿ ಸಾಕಾಗುತ್ತಿತ್ತು. 1990ರ ಹೊತ್ತಿಗೆ ಸಿಸೌಂಡ್ ನೈಜ ಸಮಯದಲ್ಲಿ ನುಡಿಯಲು ಕಲಿತ ಮೇಲೆ ಪ್ರಶ್ನೆ ಬದಲಾಯಿತು. ಪಟ್ಟಿಯಲ್ಲಿ ಇಲ್ಲದ ಸ್ವರವನ್ನು ಈಗ, ಈ ಕ್ಷಣ ನುಡಿಸುವುದು ಹೇಗೆ?

ಒಂದು ವಾದ್ಯವೇ ಇನ್ನೊಂದು ವಾದ್ಯವನ್ನು ಕರೆಯಬಲ್ಲದು ಎಂಬುದು ಇದಕ್ಕೆ ಸಿಕ್ಕಿದ ಉತ್ತರ. ಸಿಸೌಂಡ್‌ನಲ್ಲಿ ಸಿದ್ಧವಾಗಿ ಸಿಗುವ ಕೆಲಸದ ಘಟಕಗಳಿಗೆ ಆಪ್‌ಕೋಡ್ ಎನ್ನುತ್ತಾರೆ. 'ಈವೆಂಟ್', 'ಸ್ಕೆಡ್ಯೂಲ್' ಎಂಬ ಆಪ್‌ಕೋಡ್‌ಗಳು ಪಟ್ಟಿಯ ಒಂದು ಸಾಲನ್ನು ಓಡುತ್ತಿರುವ ಪ್ರೋಗ್ರಾಮಿನ ಒಳಗಿನಿಂದಲೇ ಹೊರಡಿಸುತ್ತವೆ. ವ್ಯತ್ಯಾಸವೊಂದಿದೆ: ಪಟ್ಟಿಯಲ್ಲಿ ಆರಂಭದ ಸಮಯವನ್ನು ಇಡೀ ಕೃತಿಯ ಮೊದಲಿನಿಂದ ಎಣಿಸಿದರೆ, ಇಲ್ಲಿ ಕರೆದ ಕ್ಷಣದಿಂದ ಎಣಿಸುತ್ತಾರೆ. ಇಲ್ಲಿ ಸೊನ್ನೆ ಎಂದರೆ 'ಈಗಲೇ', 0.5 ಎಂದರೆ 'ಇನ್ನು ಅರ್ಧ ಸೆಕೆಂಡಿಗೆ'.

ಹೀಗಾಗಿ ಸದ್ದು ಮಾಡದ ವಾದ್ಯವೊಂದನ್ನು ಬರೆಯುವ ರೂಢಿ ಬಂತು. ಅದು ಮೈಕ್, ಸೆನ್ಸರ್, ಕಂಪ್ಯೂಟರ್ ಮೌಸ್‌ನ ಚಲನೆ ಇವನ್ನೆಲ್ಲ ಗಮನಿಸುತ್ತಾ ಕೂತಿರುತ್ತದೆ; ಸಮಯ ಬಂದಾಗ ಸದ್ದು ಮಾಡುವ ವಾದ್ಯವನ್ನು ಕರೆಯುತ್ತದೆ. ಈ ಕಾವಲು ವಾದ್ಯವೂ ಒಂದು ವಾದ್ಯವೇ ಆದ್ದರಿಂದ ಅದಕ್ಕೂ ಅವಧಿ ಕೊಡಬೇಕು. ಹತ್ತು ಸೆಕೆಂಡು ಕೊಟ್ಟರೆ ಹನ್ನೊಂದನೆಯ ಸೆಕೆಂಡಿನಲ್ಲಿ ಯಾರು ಕೈಯಾಡಿಸಿದರೂ ಏನೂ ಕೇಳಿಸುವುದಿಲ್ಲ. ಪ್ರದರ್ಶನಕ್ಕೆ ಬೇಕಾದಷ್ಟು, ಉದಾಹರಣೆಗೆ 3600 ಸೆಕೆಂಡು, ಕೊಡುವುದು ವಾಡಿಕೆ.

ಮೂರು ಬಗೆಯ ವೇಗ

ಮುಂದಿನ ತೊಡಕು ಅರ್ಥವಾಗಬೇಕಾದರೆ ಸಿಸೌಂಡ್ ಕೆಲಸ ಮಾಡುವ ಮೂರು ವೇಗಗಳನ್ನು ತಿಳಿದಿರಬೇಕು.

ಮೊದಲನೆಯದು ಐ-ದರ. ವಾದ್ಯ ಹುಟ್ಟುವ ಕ್ಷಣದಲ್ಲಿ ಒಂದೇ ಒಂದು ಸಲ ನಡೆಯುವ ಲೆಕ್ಕ ಇದು. ಕೊನೆಯದು ಎ-ದರ. ಧ್ವನಿಯ ಪ್ರತಿ ಸ್ಯಾಂಪಲ್‌ಗೂ, ಅಂದರೆ ಅಲೆಯ ಮಟ್ಟವನ್ನು ಹೇಳುವ ಒಂದೊಂದು ಸಂಖ್ಯೆಗೂ, ನಡೆಯುವ ಲೆಕ್ಕ. ಸಾಮಾನ್ಯವಾಗಿ ಸೆಕೆಂಡಿಗೆ 44,100 ಬಾರಿ. ಇವೆರಡರ ನಡುವೆ ಕೆ-ದರ ಇದೆ. ಸ್ಯಾಂಪಲ್‌ಗಳನ್ನು ಚಿಕ್ಕ ಕಂತುಗಳಾಗಿ ಕಟ್ಟಿ, ಕಂತಿಗೆ ಒಂದು ಬಾರಿ ಮಾತ್ರ ನಡೆಸುವ ಲೆಕ್ಕ ಅದು. ಧ್ವನಿಯ ಬಲ, ಎತ್ತರ ಮುಂತಾದವು ಅಷ್ಟು ಬೇಗ ಬದಲಾಗುವುದಿಲ್ಲವಾದ್ದರಿಂದ ಪ್ರತಿ ಸ್ಯಾಂಪಲ್‌ಗೂ ಅವನ್ನು ಲೆಕ್ಕ ಹಾಕುವುದು ದುಂದು.

ಕಂತಿನಲ್ಲಿ ಎಷ್ಟು ಸ್ಯಾಂಪಲ್ ಇರಬೇಕು ಎಂಬುದನ್ನು 'ಕೆಎಸ್‌ಎಂಪಿಎಸ್' ಎಂಬ ಸಂಖ್ಯೆ ಹೇಳುತ್ತದೆ. ಅದನ್ನು 32 ಎಂದು ಇಟ್ಟರೆ 44,100ನ್ನು 32ರಿಂದ ಭಾಗಿಸಿದಷ್ಟು, ಅಂದರೆ ಸೆಕೆಂಡಿಗೆ ಸುಮಾರು 1,378 ಕಂತುಗಳು. ಒಂದೊಂದು ಕಂತಿನ ಉದ್ದ 0.73 ಮಿಲಿಸೆಕೆಂಡು. ಕಾವಲು ವಾದ್ಯ ಕಣ್ಣು ತೆರೆದು ನೋಡುವುದು ಈ ವೇಗದಲ್ಲಿ.

'ಇದೆ' ಎಂಬುದಕ್ಕೂ 'ಈಗ ಆಯಿತು' ಎಂಬುದಕ್ಕೂ ಇರುವ ಅಂತರ

ಟ್ರಿಗರ್‌ನ ತಿರುಳು ಇಲ್ಲಿದೆ. ಇದೊಂದು ಮನಸ್ಸಿಗೆ ಇಳಿದರೆ ಮಿಕ್ಕದ್ದು ತಾನಾಗಿಯೇ ಜೋಡಿಸಿಕೊಳ್ಳುತ್ತದೆ.

ಮೈಕಿನ ಮುಂದೆ ಚಪ್ಪಾಳೆ ತಟ್ಟಿದಾಗ ಗಂಟೆಯ ಸ್ವರ ಮೊಳಗಬೇಕು ಎಂದುಕೊಳ್ಳಿ. ಸಹಜವಾಗಿ ತೋಚುವ ಕೋಡ್ ಇದು: ಮೈಕಿನ ಧ್ವನಿಬಲ (ಗರಿಷ್ಠ ಬಲವನ್ನು 1 ಎಂದು ಇಟ್ಟುಕೊಂಡರೆ) 0.2ಕ್ಕಿಂತ ಹೆಚ್ಚಿದ್ದರೆ ಎರಡು ಸೆಕೆಂಡಿನ ಗಂಟೆಯನ್ನು ಕರೆ. ಓದಿದಾಗ ತಪ್ಪೇನೂ ಕಾಣುವುದಿಲ್ಲ. ಆದರೆ ಯಾರೋ ಅರ್ಧ ಸೆಕೆಂಡು ಜೋರಾಗಿ ಕೂಗಿದರು ಎನ್ನಿ. ಆ ಅರ್ಧ ಸೆಕೆಂಡಿನಲ್ಲಿ ಕಾವಲು ವಾದ್ಯ 689 ಬಾರಿ ಕಣ್ಣು ತೆರೆಯುತ್ತದೆ. ಪ್ರತಿ ಬಾರಿಯೂ ಬಲ ಮಿತಿಗಿಂತ ಮೇಲೆಯೇ ಇರುತ್ತದೆ, ಪ್ರತಿ ಬಾರಿಯೂ ಗಂಟೆಯನ್ನು ಕರೆಯುತ್ತದೆ. ಎರಡೆರಡು ಸೆಕೆಂಡಿನ 689 ಗಂಟೆಗಳು ಒಂದರ ಮೇಲೊಂದು ಪೇರಿಸಿಕೊಳ್ಳುತ್ತವೆ. ಧ್ವನಿ ಒಡೆದು ಚೀರುತ್ತದೆ, ಪ್ರೊಸೆಸರ್ ಏದುಸಿರು ಬಿಡುತ್ತದೆ. ಹೆಡ್‌ಫೋನ್ ಹಾಕಿಕೊಂಡಿದ್ದರೆ ಕಿವಿಗೂ ಅಪಾಯ.

ಕೋಡ್ ಕೇಳಿದ್ದು 'ಬಲ ಹೆಚ್ಚಿದೆಯೇ' ಎಂದು. ಕೇಳಬೇಕಾಗಿದ್ದದ್ದು 'ಬಲ ಈಗ ತಾನೇ ಹೆಚ್ಚಾಯಿತೇ' ಎಂದು. ಕೋಣೆಯ ಒಳಗಿರುವುದು ಒಂದು ಸ್ಥಿತಿ. ಅದು ಗಂಟೆಗಟ್ಟಲೆ ಇರಬಹುದು. ಹೊಸ್ತಿಲು ದಾಟುವುದು ಒಂದು ಘಟನೆ. ಒಳಗೆ ಎಷ್ಟು ಹೊತ್ತು ಕೂತರೂ ದಾಟಿದ್ದು ಒಂದೇ ಸಲ. ಟ್ರಿಗರ್‌ಗೆ ಬೇಕಾಗಿರುವುದು ಈ ದಾಟುವಿಕೆ.

ದಾಟಿದ್ದನ್ನು ಯಂತ್ರ ಹೇಗೆ ತಿಳಿಯಬೇಕು? ಹಿಂದಿನ ಕಂತಿನ ಬೆಲೆಯನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಹಿಂದಿನದು ಮಿತಿಗಿಂತ ಕೆಳಗೆ, ಈಗಿನದು ಮೇಲೆ ಎಂದಾದರೆ ಮಾತ್ರ ದಾಟಿದೆ ಎಂದರ್ಥ. ಸಿಸೌಂಡ್‌ನಲ್ಲಿ 'ಟ್ರಿಗರ್' ಎಂಬ ಹೆಸರಿನ ಆಪ್‌ಕೋಡ್ ಮಾಡುವುದು ಇಷ್ಟನ್ನೇ. ದಾಟಿದ ಆ ಒಂದು ಕಂತಿನಲ್ಲಿ 1 ಕೊಡುತ್ತದೆ, ಉಳಿದೆಲ್ಲ ಕಂತುಗಳಲ್ಲಿ 0. ಮೇಲಕ್ಕೆ ದಾಟಿದಾಗಲೋ, ಕೆಳಕ್ಕೆ ಇಳಿದಾಗಲೋ, ಎರಡೂ ಸಲವೋ ಎಂದು ಆರಿಸಿಕೊಳ್ಳಬಹುದು. 'ಚೇಂಜ್ಡ್' ಎಂಬುದು ಬೆಲೆ ಬದಲಾದ ಕಂತಿನಲ್ಲಿ 1 ಕೊಡುತ್ತದೆ. 'ಮೆಟ್ರೊ' ಎಂಬುದು ಹೊರಗಿನ ಯಾವುದನ್ನೂ ನೋಡದೆ, ಸೆಕೆಂಡಿಗೆ ಇಷ್ಟು ಬಾರಿ ಎಂದು ಹೇಳಿದ ಲೆಕ್ಕದಲ್ಲಿ ಒಂಟಿ 1ಗಳನ್ನು ಹೊರಡಿಸುತ್ತದೆ. ಕಟ್ಟಿದ ಲಯ ಬೇಕಾದವರಿಗೆ ಅದು ಅನುಕೂಲ.

ಸೂಪರ್‌ಕೊಲೈಡರ್ ಎಂಬ ಭಾಷೆಯಲ್ಲೂ ನಿಯಮ ಇದೇ. ಸಂಕೇತವು ಸೊನ್ನೆ ಅಥವಾ ಅದಕ್ಕಿಂತ ಕೆಳಗಿನಿಂದ ಸೊನ್ನೆಗಿಂತ ಮೇಲಕ್ಕೆ ಏರಿದ ಗಳಿಗೆಯೇ ಅಲ್ಲಿ ಟ್ರಿಗರ್. ಒಮ್ಮೆ 1ಕ್ಕೆ ಏರಿಸಿ ಅಲ್ಲಿಯೇ ಬಿಟ್ಟರೆ ಎರಡನೆಯ ಸಲ ಏನೂ ಆಗುವುದಿಲ್ಲ, ಮೊದಲು ಕೆಳಗಿಳಿಸಬೇಕು. 'ಮೊದಲ ಸಲ ಬಂತು, ಆಮೇಲೆ ಬರುತ್ತಿಲ್ಲ' ಎಂಬ ದೂರಿಗೆ ಬಹಳ ಸಲ ಇದೇ ಕಾರಣ. ನಿಯಂತ್ರಣದ ಹೆಸರಿನ ಮುಂದೆ 'ಟಿ' ಮತ್ತು ಅಡಿಗೆರೆ ಸೇರಿಸಿದರೆ ಅದು ಒಂದು ಕಂತಿನ ಬಳಿಕ ತಾನಾಗಿಯೇ ಸೊನ್ನೆಗೆ ಮರಳುತ್ತದೆ.

ಮಿತಿಯ ಅಂಚಿನಲ್ಲಿ ನಡುಗುವ ಸಂಕೇತ

ದಾಟುವಿಕೆಯನ್ನು ಹಿಡಿದರೂ ತೊಂದರೆ ಪೂರ್ತಿ ಮುಗಿಯುವುದಿಲ್ಲ. ನಿಜವಾದ ಮೈಕಿನಿಂದ ಬರುವ ಸಂಕೇತ ನುಣುಪಾಗಿ ಏರಿ ಇಳಿಯುವುದಿಲ್ಲ. 0.19, 0.21, 0.198, 0.204 ಎಂದು ಮಿತಿಯ ಸುತ್ತ ನಡುಗುತ್ತದೆ. ಪ್ರತಿ ನಡುಕವೂ ಒಂದೊಂದು ದಾಟುವಿಕೆಯೇ. ಒಂದು ಚಪ್ಪಾಳೆಗೆ ನಾಲ್ಕು ಗಂಟೆ ಮೊಳಗುತ್ತವೆ.

ಇದಕ್ಕೆ ಎರಡು ಮದ್ದುಗಳಿವೆ. ಒಂದು, ಎರಡು ಮಿತಿಗಳನ್ನು ಇಡುವುದು: 0.2 ದಾಟಿದಾಗ ಗಂಟೆ ಮೊಳಗಲಿ, ಆದರೆ ಬಲ 0.12ಕ್ಕಿಂತ ಕೆಳಗೆ ಇಳಿಯುವ ತನಕ ಮುಂದಿನ ದಾಟುವಿಕೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು. ಇನ್ನೊಂದು, ಒಂದು ಸ್ವರ ಹುಟ್ಟಿದ ಮೇಲೆ ಇಷ್ಟು ಹೊತ್ತು ಇನ್ನೊಂದು ಹುಟ್ಟಬಾರದು ಎಂದು ವಿರಾಮ ವಿಧಿಸುವುದು. ಸಿಸೌಂಡ್‌ನ 'ಸ್ಕೆಡ್‌ಕೆವೆನ್' ಎಂಬ ಆಪ್‌ಕೋಡ್‌ನಲ್ಲಿ ಎರಡು ಸ್ವರಗಳ ನಡುವಿನ ಕನಿಷ್ಠ ಅಂತರಕ್ಕೂ, ಏಕಕಾಲದಲ್ಲಿ ಇರಬಹುದಾದ ಗರಿಷ್ಠ ಸಂಖ್ಯೆಗೂ ಪ್ರತ್ಯೇಕ ಜಾಗಗಳಿವೆ. ಮೈಕಿನೊಂದಿಗೆ ಕೆಲಸ ಮಾಡುವವರು ಎರಡೂ ಮದ್ದನ್ನು ಒಟ್ಟಿಗೆ ಬಳಸುವುದು ಒಳ್ಳೆಯದು. ವಿರಾಮವನ್ನು ಅತಿಯಾಗಿ ಹಿಗ್ಗಿಸಿದರೆ ಮಾತ್ರ ಬೇಗಬೇಗನೆ ತಟ್ಟಿದ ಚಪ್ಪಾಳೆಗಳು ಕಳೆದುಹೋಗುತ್ತವೆ.

ಹುಟ್ಟಿದ ಪ್ರತಿಯೊಂದೂ ಬೇರೆ ಪ್ರತಿ

ಒಂದೇ ಗಂಟೆ ವಾದ್ಯವನ್ನು ಮೂರು ಸಲ ಕರೆದರೆ ಮೂರು ಪ್ರತಿಗಳು ಹುಟ್ಟುತ್ತವೆ. ಬರೆದ ವಿವರಣೆ ಒಂದೇ, ಆದರೆ ಪ್ರತಿಯೊಂದಕ್ಕೂ ತನ್ನದೇ ಸ್ಮೃತಿ, ತನ್ನದೇ ವಯಸ್ಸು, ತನ್ನದೇ ಪಿ-ಫೀಲ್ಡ್‌ಗಳು. ಮೊದಲ ಗಂಟೆ ಕ್ಷೀಣಿಸುತ್ತಿರುವಾಗಲೇ ಎರಡನೆಯದು ಪೂರ್ಣ ಬಲದಲ್ಲಿ ಆರಂಭವಾಗಬಹುದು. ಮುಗಿದ ಪ್ರತಿಯ ಜಾಗವನ್ನು ಸಿಸೌಂಡ್ ಎಸೆಯದೆ, ಮುಂದಿನ ಪ್ರತಿಗೆ ಮರುಬಳಕೆ ಮಾಡುತ್ತದೆ.

ಹುಟ್ಟುವಾಗ ಪ್ರತಿಯ ಕೈಗೆ ಕೊಟ್ಟ ಸಂಖ್ಯೆಗಳು ಆ ಕ್ಷಣದಲ್ಲಿಯೇ ಹೆಪ್ಪುಗಟ್ಟುತ್ತವೆ. ಕರೆಯುವಾಗ ಮೌಸ್‌ನ ಸ್ಥಾನದಿಂದ ಎತ್ತರ 440 ಹರ್ಟ್ಸ್ ಎಂದು ಲೆಕ್ಕವಾಗಿದ್ದರೆ, ಆ ಸ್ವರ ಮುಗಿಯುವ ತನಕ ಅದರ ಪಾಲಿಗೆ ಎತ್ತರ 440. ಆಮೇಲೆ ಮೌಸನ್ನು ಎತ್ತ ಸರಿಸಿದರೂ ಅದು ಮುಂದೆ ಹುಟ್ಟುವ ಸ್ವರಗಳಿಗೆ ಮಾತ್ರ ತಿಳಿಯುತ್ತದೆ. ಹೆಜ್ಜೆ ಸದ್ದಿನಂತಹ ಚುಟುಕು ಧ್ವನಿಗೆ ಇದು ಸರಿಯೇ. ಉದ್ದನೆಯ ಸ್ವರವನ್ನು ನುಡಿಯುತ್ತಿರುವಾಗಲೇ ಬಾಗಿಸಬೇಕೆಂದರೆ ಪಿ-ಫೀಲ್ಡ್ ಸಾಲದು. ವಾದ್ಯವು ಎಲ್ಲ ವಾದ್ಯಗಳೂ ಹಂಚಿಕೊಳ್ಳುವ ಒಂದು ವಾಹಿನಿಯನ್ನು ಕೆ-ದರದಲ್ಲಿ ಓದುತ್ತಿರಬೇಕು, ಕಾವಲು ವಾದ್ಯ ಅದಕ್ಕೆ ಬರೆಯುತ್ತಿರಬೇಕು.

ನಿಲ್ಲಿಸುವುದು ಎಬ್ಬಿಸುವುದಕ್ಕಿಂತ ಕಷ್ಟ

ಗಂಟೆಗೆ ಎರಡು ಸೆಕೆಂಡು ಎಂದು ಮೊದಲೇ ಹೇಳಿಬಿಡಬಹುದು. ಆದರೆ ಕೀಬೋರ್ಡಿನ ಮನೆಯನ್ನು ಬೆರಳು ಎಷ್ಟು ಹೊತ್ತು ಒತ್ತಿರುತ್ತದೆ ಎಂದು ಒತ್ತಿದ ಕ್ಷಣದಲ್ಲಿ ಯಾರಿಗೂ ತಿಳಿಯದು. ಸಿಸೌಂಡ್‌ನಲ್ಲಿ ಅವಧಿಯ ಜಾಗದಲ್ಲಿ ಋಣಸಂಖ್ಯೆ ಕೊಟ್ಟರೆ 'ನಿಲ್ಲಿಸುವ ತನಕ ನುಡಿಯುತ್ತಿರು' ಎಂದರ್ಥ. ಮುಂದೆ ವಾದ್ಯದ ಸಂಖ್ಯೆಯನ್ನು ಋಣವಾಗಿ ಕರೆದಾಗ ಅದು ನಿಲ್ಲುತ್ತದೆ.

ಒಂದೇ ವಾದ್ಯದ ಐದು ಪ್ರತಿಗಳು ನುಡಿಯುತ್ತಿದ್ದರೆ ಯಾವುದನ್ನು ನಿಲ್ಲಿಸಬೇಕು? ಅದಕ್ಕಾಗಿ ವಾದ್ಯದ ಸಂಖ್ಯೆಗೆ ದಶಾಂಶದ ಬಾಲ ಕಟ್ಟುತ್ತಾರೆ: 1.01, 1.02, 1.03 ಹೀಗೆ. ಎಲ್ಲವೂ ಒಂದನೆಯ ವಾದ್ಯವೇ, ಬಾಲ ಮಾತ್ರ ಗುರುತಿನ ಚೀಟಿ. 1.02ನ್ನು ಋಣವಾಗಿ ಕರೆದರೆ ಅದೊಂದೇ ನಿಲ್ಲುತ್ತದೆ. ಇಲ್ಲಿ ಸಣ್ಣದೊಂದು ಬಲೆ ಅಡಗಿದೆ. ಯಂತ್ರದ ಪಾಲಿಗೆ 1.1 ಮತ್ತು 1.10 ಒಂದೇ ಸಂಖ್ಯೆ. ಮೊದಲ ಸ್ವರಕ್ಕೆ 1.1 ಎಂದೂ ಹತ್ತನೆಯದಕ್ಕೆ 1.10 ಎಂದೂ ಹೆಸರಿಟ್ಟರೆ ಒಂದನ್ನು ನಿಲ್ಲಿಸಲು ಹೋಗಿ ಇನ್ನೊಂದು ನಿಲ್ಲುತ್ತದೆ. ಬೇಕಾದಷ್ಟು ಅಂಕಿಗಳ ಬಾಲವನ್ನು ಮೊದಲಿನಿಂದಲೇ ಇಟ್ಟುಕೊಳ್ಳಬೇಕು.

ನಿಲ್ಲಿಸುವುದೆಂದರೆ ಕತ್ತರಿಸುವುದೂ ಅಲ್ಲ. ಅಲೆಯ ನಡುವೆ ಧ್ವನಿಯನ್ನು ತಟ್ಟನೆ ಸೊನ್ನೆಗೆ ಇಳಿಸಿದರೆ 'ಟಕ್' ಎಂಬ ಅಹಿತಕರ ಸದ್ದು ಬರುತ್ತದೆ. ಆದ್ದರಿಂದ ವಾದ್ಯಕ್ಕೆ ಬಿಡುಗಡೆಯ ಹಂತವೊಂದನ್ನು ಬರೆಯುತ್ತಾರೆ. ನಿಲ್ಲು ಎಂದು ಹೇಳಿದ ಮೇಲೂ ಆ ಪ್ರತಿ ಒಂದಿಷ್ಟು ಹೊತ್ತು ಜೀವ ಹಿಡಿದುಕೊಂಡು, ಬಲವನ್ನು ಮೆಲ್ಲಗೆ ಇಳಿಸಿ ಮುಗಿಯುತ್ತದೆ. ಸೂಪರ್‌ಕೊಲೈಡರ್‌ನಲ್ಲಿ 'ಗೇಟ್' ಎಂಬ ನಿಯಂತ್ರಣ ಸೊನ್ನೆಗೆ ಇಳಿದಾಗ ಈ ಹಂತ ಶುರುವಾಗುತ್ತದೆ. ಅದು ಮುಗಿದ ಮೇಲೆ ಪ್ರತಿಯನ್ನು ಅಳಿಸಿಹಾಕಬೇಕು ಎಂದು 'ಡನ್ಆಕ್ಷನ್' ಎಂಬಲ್ಲಿ 2 ಎಂದು ಬರೆಯಬೇಕು. ಬರೆಯದಿದ್ದರೆ ಸದ್ದು ನಿಂತಿದ್ದರೂ ಪ್ರತಿ ಉಳಿದಿರುತ್ತದೆ. ಕೇಳಿಸದ ಸಾವಿರಾರು ಪ್ರತಿಗಳು ಹೀಗೆ ಕೂಡಿಕೊಂಡು ಕೊನೆಗೆ ಯಂತ್ರವನ್ನೇ ಉಸಿರುಗಟ್ಟಿಸುತ್ತವೆ.

ತನ್ನನ್ನೇ ಕರೆದುಕೊಳ್ಳುವ ವಾದ್ಯ

ವಾದ್ಯ ಬೇರೊಂದನ್ನು ಕರೆಯಬಹುದಾದರೆ ತನ್ನನ್ನೇ ಏಕೆ ಕರೆಯಬಾರದು? ಹುಟ್ಟಿದ ಕೂಡಲೇ 'ಇನ್ನು ಅರ್ಧ ಸೆಕೆಂಡಿಗೆ ನನ್ನದೇ ಇನ್ನೊಂದು ಪ್ರತಿ' ಎಂದು ಗೊತ್ತುಮಾಡಿ ನುಡಿಯಲು ತೊಡಗುವ ವಾದ್ಯ ಕೊನೆಯಿಲ್ಲದ ಸರಣಿಯನ್ನು ಕಟ್ಟುತ್ತದೆ. ಪ್ರತಿ ಸಲವೂ ಎತ್ತರವನ್ನು ಒಂದಿಷ್ಟು ಬದಲಿಸಿ ಮುಂದಿನದಕ್ಕೆ ದಾಟಿಸಿದರೆ ನಾಲ್ಕಾರು ಸಾಲುಗಳ ಕೋಡ್‌ನಿಂದ ತಾಸುಗಟ್ಟಲೆ ಬೆಳೆಯುವ ಸಂಗೀತ ಹೊರಬರುತ್ತದೆ. ಈ ಕ್ಷೇತ್ರದ ಅತ್ಯಂತ ಸುಂದರ ಉಪಾಯಗಳಲ್ಲಿ ಇದೂ ಒಂದು.

ಇಲ್ಲಿ ಐ-ದರವೇ ಕಾಪಾಡುತ್ತದೆ. 'ಸ್ಕೆಡ್ಯೂಲ್' ಹುಟ್ಟುವಾಗ ಒಮ್ಮೆ ಮಾತ್ರ ನಡೆಯುವುದರಿಂದ ಕಂತಿಗೊಂದು ಪ್ರತಿ ಹುಟ್ಟುವ ಭಯವಿಲ್ಲ. ಆದರೆ ಪ್ರತಿ ಸ್ವರವೂ ಒಂದರ ಬದಲು ಎರಡು ಪ್ರತಿಗಳನ್ನು ಕರೆದರೆ? ಅರ್ಧ ಸೆಕೆಂಡಿಗೊಮ್ಮೆ ಸಂಖ್ಯೆ ಇಮ್ಮಡಿಸುತ್ತದೆ. ಐದು ಸೆಕೆಂಡಿಗೆ ಹತ್ತು ತಲೆಮಾರು, ಅಂದರೆ ಒಂದೇ ಕ್ಷಣದಲ್ಲಿ 1,024 ಸ್ವರಗಳು. ಇಂಥ ಕೋಡ್ ಬರೆಯುವ ಮೊದಲು 'ಮ್ಯಾಕ್ಸ್ಅಲಾಕ್' ಮೂಲಕ ಒಂದು ವಾದ್ಯದ ಪ್ರತಿಗಳಿಗೆ ಗರಿಷ್ಠ ಮಿತಿ ಹಾಕಿಕೊಳ್ಳುವುದು ಕ್ಷೇಮ.

ಬೇರೆ ಭಾಷೆಗಳು ಹಿಡಿದ ದಾರಿ

1996ರಲ್ಲಿ ಜೇಮ್ಸ್ ಮೆಕಾರ್ಟ್ನಿ ಹೊರತಂದ ಸೂಪರ್‌ಕೊಲೈಡರ್ ಇಂದಿನ ರೂಪದಲ್ಲಿ ಇಬ್ಭಾಗವಾಗಿದೆ. ಧ್ವನಿ ತಯಾರಿಸುವ ಸರ್ವರ್ ಬೇರೆ, ನಿರ್ಧಾರ ಕೈಗೊಳ್ಳುವ ಭಾಷೆ ಬೇರೆ. ಎರಡರ ನಡುವೆ ಓಎಸ್‌ಸಿ ಎಂಬ ಸಂದೇಶ ಪದ್ಧತಿ ಕೆಲಸ ಮಾಡುತ್ತದೆ. 'ಈ ವಾದ್ಯದ ಹೊಸ ಪ್ರತಿ ಮಾಡು, ಸಂಖ್ಯೆ ಇಷ್ಟು' ಎಂಬ ಸಂದೇಶ ಹೋಗುತ್ತದೆ, ಪ್ರತಿ ಹುಟ್ಟುತ್ತದೆ. ಆ ಸಂಖ್ಯೆಯೇ ಮುಂದೆ ಅದನ್ನು ಮಾತಾಡಿಸುವ ವಿಳಾಸ.

ಮಿಲರ್ ಪಕೆಟ್ ಅವರ ಪ್ಯೂರ್ ಡೇಟಾದಲ್ಲಿ ಕೋಡ್ ಬರೆಯುವ ಬದಲು ಪೆಟ್ಟಿಗೆಗಳನ್ನು ಗೆರೆಗಳಿಂದ ಜೋಡಿಸುತ್ತಾರೆ. 'ಬ್ಯಾಂಗ್' ಎಂಬ ಸಂದೇಶವೇ ಅಲ್ಲಿ ಘಟನೆ. ಸ್ಥಿತಿಗೂ ಘಟನೆಗೂ ಗೊಂದಲ ಅಲ್ಲಿ ಕಡಿಮೆ, ಏಕೆಂದರೆ ಬ್ಯಾಂಗ್ ಎಂಬುದು ಉಳಿಯುವ ವಸ್ತುವೇ ಅಲ್ಲ, ಬಂದು ಹೋಗಿಬಿಡುತ್ತದೆ. ಆದರೆ ಸ್ವರ ಬೇಕಾದಾಗಲೆಲ್ಲ ಹೊಸ ಪ್ರತಿ ಹುಟ್ಟಿಸುವ ರೂಢಿ ಅಲ್ಲಿಲ್ಲ. ಒಂದೊಂದೂ ಒಂದು ಸ್ವರ ನುಡಿಸಬಲ್ಲ ಎಂಟೋ ಹದಿನಾರೋ ಕಂಠಗಳನ್ನು ಮೊದಲೇ ಸಿದ್ಧಪಡಿಸಿ, ಬಂದ ಸ್ವರಗಳನ್ನು ಅವುಗಳಿಗೆ ಹಂಚುತ್ತಾರೆ. ಎಲ್ಲವೂ ಕೆಲಸದಲ್ಲಿದ್ದರೆ ಹೊಸ ಸ್ವರವನ್ನು ಬಿಡಬೇಕು, ಇಲ್ಲವೇ ಹಳೆಯದರಿಂದ ಕಂಠವನ್ನು ಕಿತ್ತುಕೊಳ್ಳಬೇಕು.

ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಗೆ ವಾಂಗ್ ಮತ್ತು ಪೆರ್ರಿ ಕುಕ್ ಕಟ್ಟಿದ ಚಕ್ ಭಾಷೆ ಕಾಲವನ್ನೇ ಪ್ರೋಗ್ರಾಮಿನ ಕೈಗೆ ಕೊಡುತ್ತದೆ. ಅಲ್ಲಿ 'ನೌ' ಎಂಬ ಬೆಲೆ ಇದೆ. ಪ್ರೋಗ್ರಾಂ '200 ಮಿಲಿಸೆಕೆಂಡು ಮುಂದಕ್ಕೆ' ಎಂದು ಹೇಳುವ ತನಕ ಅದರ ಪಾಲಿಗೆ ಕಾಲ ಸರಿಯುವುದೇ ಇಲ್ಲ. ಹಾಗೆಯೇ ಒಂದು ಘಟನೆಗಾಗಿ ಕಾದು ಕೂರಬಹುದು. ಘಟನೆ ಸಂಭವಿಸಿದಾಗ ಕೆಲಸ ಅಲ್ಲಿಂದಲೇ ಮುಂದುವರಿಯುತ್ತದೆ. 'ಸ್ಪೋರ್ಕ್' ಎಂಬ ಆಜ್ಞೆಯಿಂದ ಸಮಾನಾಂತರವಾಗಿ ಹಲವು ಎಳೆಗಳನ್ನು ಹೊರಡಿಸಬಹುದು.

ಎಷ್ಟು ನಿಖರ, ಎಷ್ಟು ತಡ

ಕಂತುಗಳ ಲೆಕ್ಕ ಲಯದ ಮೇಲೂ ಪರಿಣಾಮ ಬೀರುತ್ತದೆ. ಸೆಕೆಂಡಿಗೆ ಎಂಟು ಸ್ವರ ಬೇಕೆಂದರೆ ಎರಡು ಸ್ವರಗಳ ನಡುವೆ 5,512.5 ಸ್ಯಾಂಪಲ್‌ಗಳ ಅಂತರ. ಕಂತಿನಲ್ಲಿ 64 ಸ್ಯಾಂಪಲ್ ಇದ್ದರೆ ಅದು 86.13 ಕಂತುಗಳಾಗುತ್ತದೆ. ಸ್ವರ ಹುಟ್ಟುವುದು ಕಂತಿನ ಅಂಚಿನಲ್ಲಿ ಮಾತ್ರವಾದ್ದರಿಂದ ಒಮ್ಮೆ 86 ಕಂತು, ಒಮ್ಮೆ 87 ಕಂತು ಎಂದು ಅಂತರ ಏರುಪೇರಾಗುತ್ತದೆ. ಆ ಏರುಪೇರು 1.45 ಮಿಲಿಸೆಕೆಂಡು. ಗಂಟೆಯ ಸದ್ದಿನಲ್ಲಿ ಇದು ಕಿವಿಗೆ ಬೀಳುವುದಿಲ್ಲ. ಸೆಕೆಂಡಿಗೆ ನೂರಾರು ಕಿರುಧ್ವನಿಗಳನ್ನು ಪೋಣಿಸುವ ಕೆಲಸದಲ್ಲಿ ಮಾತ್ರ ಒರಟುತನವಾಗಿ ಕೇಳಿಸುತ್ತದೆ. ಆಗ ಕಂತನ್ನು ಚಿಕ್ಕದು ಮಾಡಬೇಕು. ಪ್ರೊಸೆಸರ್‌ನ ಹೊರೆ ಅಷ್ಟು ಹೆಚ್ಚುತ್ತದೆ. ಪಟ್ಟಿಯ ಸ್ವರಗಳನ್ನು ಸ್ಯಾಂಪಲ್‌ನಷ್ಟು ಕರಾರುವಾಕ್ಕಾಗಿ ಆರಂಭಿಸುವ ಆಯ್ಕೆಯೂ ಸಿಸೌಂಡ್‌ನಲ್ಲಿದೆ.

ತಡ ಬೇರೆಯೇ ವಿಷಯ. ಸೂಪರ್‌ಕೊಲೈಡರ್ ತನ್ನ ಸಂದೇಶಗಳಿಗೆ ಸಮಯದ ಮುದ್ರೆ ಹಾಕಿ, ರೂಢಿಯಂತೆ 0.2 ಸೆಕೆಂಡು ಮುಂಚಿತವಾಗಿ ಕಳಿಸುತ್ತದೆ. ಸಂದೇಶ ತಲುಪುವುದು ಒಂದಿಷ್ಟು ಹಿಂದುಮುಂದಾದರೂ ಸ್ವರ ಹೇಳಿದ ಗಳಿಗೆಗೇ ಬರುತ್ತದೆ. ತಾನೇ ನುಡಿಯುವ ಲಯಕ್ಕೆ ಇದು ಚಿನ್ನದಂಥ ಏರ್ಪಾಡು. ಬೆರಳು ಒತ್ತಿದ ಕೂಡಲೇ ಸ್ವರ ಬೇಕಾದವರಿಗೆ ಆ 0.2 ಸೆಕೆಂಡು ಅಸಹನೀಯ; ಅಲ್ಲಿ ಮುದ್ರೆಯಿಲ್ಲದೆ ನೇರವಾಗಿ ಕಳಿಸಬೇಕು.

ಸದ್ದು ಬಾರದಿದ್ದಾಗ ನೋಡುವ ಕ್ರಮ

ಮೊದಲು ಕಾವಲು ವಾದ್ಯ ಬದುಕಿದೆಯೇ ನೋಡಿ. ಬಳಿಕ ಅದು ನೋಡುತ್ತಿರುವ ಬೆಲೆಯನ್ನು ಪರದೆಗೆ ಮುದ್ರಿಸಿ; ಮೈಕಿನ ಬಲ ಮಿತಿಯ ಹತ್ತಿರವೂ ಬರುತ್ತಿಲ್ಲ ಎಂದು ಅನೇಕ ವೇಳೆ ಅಲ್ಲಿಯೇ ತಿಳಿಯುತ್ತದೆ. ಆಮೇಲೆ ಟ್ರಿಗರ್‌ನ 1ಗಳನ್ನು ಎಣಿಸಿ. ಅವು ಬರುತ್ತಿದ್ದರೆ ತಪ್ಪಿರುವುದು ಸದ್ದು ಮಾಡುವ ವಾದ್ಯದಲ್ಲಿ. ಅದನ್ನು ಪಟ್ಟಿಯಿಂದಲೇ ಒಂದು ಸಲ ಕರೆದು ಪರೀಕ್ಷಿಸಿ.

ಸದ್ದು ಅತಿಯಾದರೆ 'ಆಕ್ಟಿವ್' ಎಂಬ ಆಪ್‌ಕೋಡ್ ಆ ಕ್ಷಣದಲ್ಲಿ ಎಷ್ಟು ಪ್ರತಿಗಳು ಜೀವಂತವಾಗಿವೆ ಎಂದು ಹೇಳುತ್ತದೆ. ಒಂದೇ ಚಪ್ಪಾಳೆಗೆ ಆ ಸಂಖ್ಯೆ ನೂರಾರಕ್ಕೆ ಜಿಗಿದರೆ ಕೋಡ್ ಸ್ಥಿತಿಯನ್ನು ನೋಡುತ್ತಿದೆ. ಮೂರು ನಾಲ್ಕಕ್ಕೆ ಏರಿದರೆ ಸಂಕೇತ ಮಿತಿಯ ಅಂಚಿನಲ್ಲಿ ನಡುಗುತ್ತಿದೆ. ಒಂದೊಂದಾಗಿ ಏರುತ್ತಾ ಹೋಗಿ ಇಳಿಯದೇ ಉಳಿದರೆ ನಿಲ್ಲಿಸುವ ಸಂದೇಶ ಪ್ರತಿಯನ್ನು ತಲುಪುತ್ತಿಲ್ಲ. ಈ ಪರೀಕ್ಷೆಯನ್ನು ಹೆಡ್‌ಫೋನ್ ತೆಗೆದಿಟ್ಟು, ಧ್ವನಿವರ್ಧಕದ ಬಲವನ್ನು ಪೂರ್ತಿ ತಗ್ಗಿಸಿ ಮಾಡಬೇಕು.